ಒಂದೇ ಬೀರುವಿನ ಬ್ರೆಡ್ಡುಗಳು

ಬ್ರೆಡ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡುವವರ ಹಣೆಬರಹವೇ ವಿಚಿತ್ರ. ಲೋಕದವರೆಲ್ಲ ಬ್ರೆಡ್ಡು ಬಿಸಿಯಾಗಿರುವಾಗ ತಿಂದು ಸಂತೋಷಪಟ್ಟರೆ, ಇವರು ಅದು ಕೆಡುವುದನ್ನೇ ಕಾಯುತ್ತ ಕೂರಬೇಕು. ಪುಟ್ಟಿ ಹನ್ನೊಂದು ವರ್ಷದಿಂದ ಹಾಗೆ ಕಾಯುತ್ತಿದ್ದಳು. ಬಿಳಿ ಕೋಟು ತೊಟ್ಟು ಬೂಷ್ಟಿನ ಚುಕ್ಕೆಗಳನ್ನು ಎಣಿಸುವ ಮೂವತ್ತನಾಲ್ಕು ವರ್ಷದ ಹೆಂಗಸಿಗೆ ಪುಟ್ಟಿ ಎಂಬ ಹೆಸರು ಅಂಟಿದ್ದು ಅವಳ ಭಾವನಿಂದ. ಅಕ್ಕನ ಮದುವೆಯಾದಾಗ ಇವಳಿಗೆ ಎಂಟು ವರ್ಷ. ಭಾವ ಅವತ್ತು ಕರೆದಂತೆಯೇ ಇವತ್ತೂ ಕರೆಯುತ್ತಿದ್ದರು, ಅದೂ ಕಾರ್ಖಾನೆಯಲ್ಲಿ, ನಾಲ್ಕು ಜನರ ಮುಂದೆ. ಹಾಗಾಗಿ ವ್ಯಾನು ಓಡಿಸುವವನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರಿಗೂ ಅವಳು ಪುಟ್ಟಿ ಮೇಡಂ.

ಭಾವನಿಗೂ ಅಲ್ಲೊಂದು ಅಡ್ಡಹೆಸರಿತ್ತು: ತಕ್ಕಡಿ. ಇಪ್ಪತ್ತೆಂಟು ವರ್ಷದಿಂದ ಹಿಟ್ಟು ಕಲೆಸುವ ವಿಭಾಗ ಅವರದು. ಉಪ್ಪಿರಲಿ, ಯೀಸ್ಟಿರಲಿ, ಎರಡು ಸಲ ತೂಗದೆ ಯಂತ್ರಕ್ಕೆ ಸುರಿದವರಲ್ಲ. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಮೇಲಿನ ಗುಡ್ಡೆಯನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡುತ್ತಿದ್ದರು. ನೆಗಡಿಯಾದರೆ ಅವರು ಎರಡು ಸಲ ಸೀನುವುದು ಮೊದಲನೆಯದು ಸರಿಯಾಗಿತ್ತೇ ಎಂದು ನೋಡಿಕೊಳ್ಳಲು ಎಂದು ಪ್ಯಾಕಿಂಗ್ ವಿಭಾಗದ ಹೆಂಗಸರು ನಗುತ್ತಿದ್ದರು. ಭಾವನೂ ನಗುತ್ತಿದ್ದರು. ಪುಟ್ಟಿಯನ್ನು ಈ ಕೆಲಸಕ್ಕೆ ಕರೆತಂದವರೂ ಅವರೇ. "ಹುಡುಗಿ ನನಗಿಂತ ಜಾಗ್ರತೆ" ಎಂದು ಯಜಮಾನರಿಗೆ ಹೇಳಿ ಸೇರಿಸಿದ್ದರು.

ಎಲ್ಲ ಶುರುವಾದದ್ದು ಯಜಮಾನರಿಗೆ ಹೊಸ ಹುಚ್ಚು ಹಿಡಿದಾಗ. ಬ್ರೆಡ್ಡಿಗೆ ಬೂಷ್ಟು ಹಿಡಿಯದಿರಲಿ ಎಂದು ಹಿಟ್ಟಿಗೆ ಒಂದು ಬಿಳಿ ಪುಡಿ ಬೆರೆಸುವುದು ಲಾಗಾಯ್ತಿನಿಂದ ನಡೆದುಕೊಂಡು ಬಂದಿತ್ತು. ಅದರಿಂದ ಯಾರಿಗೂ ಏನೂ ಆದದ್ದಿಲ್ಲ. ಆದರೆ ಹೆಸರು ಉದ್ದ, ಓದಿದರೆ ನಾಲಿಗೆ ತೊಡರುತ್ತದೆ.

"ಜನ ಈಗ ಪೊಟ್ಟಣದ ಹಿಂಭಾಗ ಓದೋಕೆ ಶುರು ಮಾಡಿದ್ದಾರೆ ಮೇಡಂ," ಎಂದರು ಯಜಮಾನರು. "ಆ ಪುಡಿ ಹೆಸರು ಕಂಡ್ರೆ ಹೆದರ್ತಾರೆ. ಅದರ ಬದಲು ಲವಂಗ, ಚಕ್ಕೆ ಅಂತ ಬರೆದ್ರೆ ಮನೇಲೇ ಮಾಡಿದ ಹಾಗೆ ಕಾಣುತ್ತೆ. ಮಸಾಲೆಯ ಸಾರದಿಂದ ಬೂಷ್ಟು ತಡೀಬಹುದಂತಲ್ಲ, ಅದನ್ನ ಮಾಡಿ."

ತಡೆಯಬಹುದು, ಅದು ನಿಜ. ಲವಂಗ, ಚಕ್ಕೆಗಳ ಎಣ್ಣೆಯಂಥ ಸಾರ ಕಂದು ಸೀಸೆಯಲ್ಲಿ ಬಂದಿತು. ಮುಚ್ಚಳ ತೆಗೆದರೆ ಸಾಕು, ಇಡೀ ಕೋಣೆ ಘಮ್ಮೆನ್ನುತ್ತಿತ್ತು. ಆದರೆ ಅದನ್ನು ಧಾರಾಳವಾಗಿ ಹಾಕಿದರೆ ಬ್ರೆಡ್ಡು ಹಲ್ಲುನೋವಿನ ಔಷಧಿಯಂತಾಗುತ್ತಿತ್ತು. ಮೇಲಾಗಿ ಬೂಷ್ಟನ್ನು ಹೊಡೆಯುವ ವಸ್ತು ಯೀಸ್ಟನ್ನು ಮಾತ್ರ ಯಾಕೆ ಬಿಟ್ಟೀತು? ಹಿಟ್ಟು ಮುನಿಸಿಕೊಂಡು ಉಬ್ಬುವುದನ್ನೇ ನಿಲ್ಲಿಸುತ್ತಿತ್ತು. ಹಾಗಾಗಿ ಎಷ್ಟು ಕಡಿಮೆ ಹಾಕಿದರೆ ಸಾಕು ಎಂದು ಕಂಡುಹಿಡಿಯುವ ಕೆಲಸ ಪುಟ್ಟಿಯ ಪಾಲಿಗೆ ಬಂತು.

ಅವಳು ನಾಲ್ಕು ಬಗೆಯ ಬ್ರೆಡ್ಡು ಮಾಡಿಸಿದಳು. ಒಂದಕ್ಕೆ ಸಾರ ಪೂರ್ತಿ ಪಾಲು, ಒಂದಕ್ಕೆ ಅರ್ಧ, ಒಂದಕ್ಕೆ ಕಾಲು, ಇನ್ನೊಂದಕ್ಕೆ ಏನೂ ಇಲ್ಲ. ಪರೀಕ್ಷೆಗೆಂದೇ ಗಾಜಿನ ಬಾಗಿಲಿನ ಒಂದು ಬೀರುವಿತ್ತು. ಬಾಗಿಲಿನ ಸುತ್ತ ರಬ್ಬರಿನ ಅಂಚು, ತಳದಲ್ಲಿ ಬೆಚ್ಚಗಿನ ನೀರಿನ ತಟ್ಟೆ. ಬೂಷ್ಟಿಗೆ ಮಾವನ ಮನೆಯ ಉಪಚಾರ. ಸಾರ ಹಾಕಿದ ಮೂರನ್ನೂ ಅದರೊಳಗೆ ಒಂದರ ಮೇಲೊಂದಿದ್ದ ಮೂರು ಅರೆಗಳಲ್ಲಿ ಒಂದೊಂದಾಗಿ ಇಟ್ಟಳು. ಏನೂ ಹಾಕದ ಬ್ರೆಡ್ಡು ಬೇಗ ಕೆಡುತ್ತದೆ, ಅದರ ಬೂಷ್ಟು ಹಾರಿ ಉಳಿದವಕ್ಕೆ ಅಂಟಿದರೆ ಪರೀಕ್ಷೆಯೇ ಹಾಳು ಎಂದು ಅದನ್ನು ಮಾತ್ರ ಬೇರೆ ಡಬ್ಬಿಯಲ್ಲಿ, ಕೋಣೆಯ ಆ ಮೂಲೆಯಲ್ಲಿಟ್ಟಳು. ಎಲ್ಲರೂ ಮೆಚ್ಚುವಂಥ ಜಾಗ್ರತೆ. ಅವಳನ್ನು ಮುಳುಗಿಸಿದ್ದೂ ಅದೇ ಜಾಗ್ರತೆ.

ಮೂಲೆಯ ಡಬ್ಬಿಯ ಬ್ರೆಡ್ಡು ನಾಲ್ಕನೇ ದಿನಕ್ಕೆ ಹಸಿರುಗಟ್ಟಿತು. ಬೀರುವಿನೊಳಗಿನವು ಮೂರೂ ಹತ್ತು ದಿನವಾದರೂ ಎಳ್ಳಷ್ಟೂ ಕೆಡಲಿಲ್ಲ, ಕಾಲು ಪಾಲಿನದೂ ಸಹ. "ಕಾಲು ಪಾಲು ಸಾಕು, ಹತ್ತು ದಿನ ಬಾಳುತ್ತದೆ" ಎಂದು ವರದಿ ಬರೆದು ಸಹಿ ಹಾಕಿದಳು. ಯಜಮಾನರು ಕುಣಿದಾಡುವುದೊಂದು ಬಾಕಿ. ಅದೇ ವಾರ ಅವಳನ್ನು ಪರೀಕ್ಷಾ ಕೋಣೆಯ ಮುಖ್ಯಸ್ಥೆ ಮಾಡಿದರು. ಭಾವ ತಾವೇ ಏಣಿ ತಂದು ಬಾಗಿಲ ಮೇಲೆ ಹೊಸ ಫಲಕ ಜಡಿದರು, ಸೊಟ್ಟಗಿದೆಯೇನೋ ಎಂದು ಎರಡು ಸಲ ಅಳೆದೂ ನೋಡಿದರು.

ಹೊಸ ಬ್ರೆಡ್ಡು ಅಂಗಡಿಗಳಿಗೆ ಹೋಯಿತು. ಐದನೇ ದಿನ ಮೊದಲ ಫೋನು ಬಂತು, ಆರನೇ ದಿನ ಒಂದು ವ್ಯಾನಿನ ತುಂಬ ಬ್ರೆಡ್ಡೇ ವಾಪಸು ಬಂತು. ಒಬ್ಬ ಹೆಂಗಸು ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕಾರ್ಖಾನೆಯ ಬಾಗಿಲಿಗೇ ಬಂದು, ಮಗನ ಶಾಲೆಯ ಚೀಲಕ್ಕೆ ಇದನ್ನೇ ಹಾಕಿ ಕಳಿಸುತ್ತಿದ್ದೆ, ಪುಣ್ಯಕ್ಕೆ ಕಣ್ಣಿಗೆ ಬಿತ್ತು ಎಂದು ಎಲ್ಲರಿಗೂ ಕೇಳುವಂತೆ ಬೈದು ಹೋದಳು.

ಯಜಮಾನರು ಪುಟ್ಟಿಯನ್ನೂ ಭಾವನನ್ನೂ ಕರೆಸಿದರು. ಅವರು ಕೆಟ್ಟವರಲ್ಲ. ಆದರೆ ಎಲ್ಲಕ್ಕೂ ಆಗಿಂದಾಗಲೇ ಒಂದು ಕಾರಣ ಬೇಕು ಅವರಿಗೆ.

"ಕಾಗದ ಹತ್ತು ದಿನ ಅನ್ನುತ್ತೆ. ಬ್ರೆಡ್ಡು ಐದು ದಿನ ಅನ್ನುತ್ತೆ," ಎಂದರು. "ಇವೆರಡರ ಮಧ್ಯೆ ಇರೋದು ಒಂದೇ ಕೈ. ಸಾರ ಅಳೆದು ಹಾಕಿದ್ದು ನೀವೇ ತಾನೆ?"

"ನಾನೇ," ಎಂದರು ಭಾವ. "ಎರಡು ಸಲ ಅಳೆದೆ."

"ಅಳೆದ್ರಿ ಅಂತ ನಿಮಗೆ ಅನ್ನಿಸ್ತಿದೆ."

ವಿಚಾರಣೆ ಮುಗಿಯುವವರೆಗೆ ಅವರು ಹಿಟ್ಟಿನ ಹತ್ತಿರ ಹೋಗುವುದು ಬೇಡ, ಟ್ರೇ ತೊಳೆಯುವ ಕಡೆ ಇರಲಿ ಎಂದಾಯಿತು. ಹೊಸ ಬ್ರೆಡ್ಡು ನಿಲ್ಲಿಸಿ ಹಳೆಯ ಪುಡಿಗೇ ಮರಳಿದರು. ಪುಟ್ಟಿ ಭಾವನ ಮುಖ ನೋಡಲಾರದೆ ತನ್ನ ಕೋಣೆಗೆ ಬಂದು, ಸುಮ್ಮನೆ ಏನಾದರೂ ಮಾಡಬೇಕಲ್ಲ ಎಂದು ಬೀರುವಿನ ಬಾಗಿಲು ತೆಗೆದಳು. ಬ್ರೆಡ್ಡುಗಳನ್ನು ತೆಗೆದು ಎಷ್ಟೋ ದಿನವಾಗಿತ್ತು. ಆದರೂ ಲವಂಗದ ಘಾಟು ಮುಖಕ್ಕೆ ರಪ್ಪನೆ ಬಡಿಯಿತು. ಅವಳು ಬಾಗಿಲು ಹಿಡಿದುಕೊಂಡೇ ಒಳಗಿನ ಅರೆಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

ಅಂದೇ ಎರಡು ಡಬ್ಬಿ ತೊಳೆದು ಒಣಗಿಸಿದಳು. ಕಾಲು ಪಾಲಿನ ಬ್ರೆಡ್ಡನ್ನು ಮತ್ತೆ ಮಾಡಿಸಿ, ಸಾರವನ್ನು ಈ ಸಲ ತಾನೇ ಅಳೆದಳು. ಒಂದು ಡಬ್ಬಿಯಲ್ಲಿ ಅದೊಂದನ್ನೇ ಇಟ್ಟು ಮುಚ್ಚಿದಳು. ಇನ್ನೊಂದರಲ್ಲಿ ಅಂಥದೇ ಬ್ರೆಡ್ಡಿನ ಪಕ್ಕಕ್ಕೆ ಪೂರ್ತಿ ಪಾಲಿನದೊಂದನ್ನು ಇಟ್ಟು ಮುಚ್ಚಿದಳು. ಆಮೇಲೆ ಐದು ದಿನ ಕಾದಳು. ಜೀವನದಲ್ಲಿ ಮೊದಲ ಸಲ ಬ್ರೆಡ್ಡು ಕೆಡದಿರಲಪ್ಪಾ ಎಂದು ಬೇಡಿಕೊಂಡಳು. ಬೂಷ್ಟು ಯಾರ ಮಾತು ಕೇಳುತ್ತದೆ?

ಐದನೇ ದಿನ, ಬುಧವಾರ ಸಂಜೆ, ಒಂಟಿಯಾಗಿದ್ದ ಬ್ರೆಡ್ಡಿನ ಮೇಲೆ ಬಿಳಿ ನವಿರು, ನಡುವೆ ಹಸಿರು. ಜೋಡಿಯಲ್ಲಿದ್ದದ್ದು ಸ್ವಚ್ಛ. ಬೀರುವಿನಲ್ಲಿ ಪೂರ್ತಿ ಪಾಲಿನ ಬ್ರೆಡ್ಡು ತನ್ನ ಘಾಟಿನಿಂದ ಪಕ್ಕದವರನ್ನೂ ಹತ್ತು ದಿನ ಕಾಯ್ದಿತ್ತು, ಅಷ್ಟೇ. ಅಂಗಡಿಯ ಪೊಟ್ಟಣದಲ್ಲಿ ಕಾಲು ಪಾಲಿನದನ್ನು ಕಾಯುವವರು ಯಾರೂ ಇರಲಿಲ್ಲ. ಭಾವ ತೂಗಿದ್ದು ಸರಿಯಾಗಿತ್ತು. ತಪ್ಪು ಇವಳದು, ವರದಿ ಇವಳದು, ಅದರ ಕೆಳಗಿನ ಸಹಿಯೂ ಇವಳದೇ.

ನಾಳೆ ಬೆಳಗ್ಗೆ ಮೊದಲು ಯಜಮಾನರ ಹತ್ತಿರ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡು ಮನೆಗೆ ಹೋದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಪಾಠದಂತೆ ಒಪ್ಪಿಸಿಕೊಂಡಳು. ಹೊಸ ಹುದ್ದೆ ಹೋಗುತ್ತದೆ, ಬಾಗಿಲ ಮೇಲಿನ ಫಲಕ ಇಳಿಯುತ್ತದೆ, ವ್ಯಾನಿನವನೂ ಬಾಗಿಲು ಕಾಯುವವನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಗಲಿ ಎಂದುಕೊಂಡಳು. ಬೆಳಗ್ಗೆ ಎದ್ದಾಗ ಆ "ಆಗಲಿ"ಯ ಧೈರ್ಯ ಅರ್ಧ ಇಳಿದಿತ್ತು.

ಗುರುವಾರ ಬೆಳಗ್ಗೆ ಅವಳು ಕೋಟು ತೊಡುತ್ತಿದ್ದಾಗ ಭಾವ ಬಂದರು. ಟ್ರೇ ತೊಳೆದ ಒದ್ದೆ ಕೈಗಳನ್ನು ಒರೆಸಿಕೊಂಡು, ಬಾಗಿಲು ಮುಚ್ಚಿ, ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು.

"ಪುಟ್ಟಿ, ಸ್ವಲ್ಪ ನೋಡು. ನನ್ನ ಕೈ ನಡುಗ್ತಿದೆಯಾ?"

"ಯಾಕೆ ಭಾವ?"

"ರಾತ್ರಿಯೆಲ್ಲ ಯೋಚನೆ ಮಾಡಿದೆ. ನಿನ್ನ ಕಾಗದ ಸುಳ್ಳು ಹೇಳಲ್ಲ, ನೀನು ಹಾಗೆಲ್ಲ ಬರೆಯೋಳಲ್ಲ. ಅಂದಮೇಲೆ ತಪ್ಪಿರೋದು ನಾನೇ. ಹನಿ ಲೆಕ್ಕದಲ್ಲಿ ಅಳೆಯೋ ವಸ್ತು ಅದು. ಕೈ ಚೂರು ಅಲುಗಿದ್ರೂ ಹೆಚ್ಚುಕಮ್ಮಿ ಆಗುತ್ತೆ. ನಂಗೆ ಕಾಣ್ತಿಲ್ಲ, ನೀನು ನೋಡು."

ಪುಟ್ಟಿ ಆ ಕೈಗಳನ್ನು ಹಿಡಿದುಕೊಂಡಳು. ನೀರಿನಿಂದ ತಣ್ಣಗಾಗಿದ್ದವು, ಬೆರಳ ತುದಿಗಳು ಸುಕ್ಕುಗಟ್ಟಿದ್ದವು, ಮೇಜಿನ ಮೇಲಿಟ್ಟ ವಸ್ತುವಿನಷ್ಟು ಸ್ಥಿರವಾಗಿದ್ದವು. ದಾರಿಯಲ್ಲಿ ಒಪ್ಪಿಸಿಕೊಂಡ ಮಾತು ಅಕ್ಷರ ಬಿಡದೆ ನೆನಪಿತ್ತು. ಅವಳು ಬಾಯಿ ತೆರೆದಳು.

"ಸ್ವಲ್ಪ ನಡುಗ್ತಿದೆ ಭಾವ," ಎಂದಳು.

ಯಾಕೆ ಹಾಗೆ ಹೇಳಿದಳೆಂದು ಆಮೇಲೆ ಎಷ್ಟು ತಲೆ ಕೆಡಿಸಿಕೊಂಡರೂ ಅವಳಿಗೆ ಬೇರೆ ಕಾರಣ ಸಿಗಲಿಲ್ಲ. ಹೆದರಿದ್ದಳು, ಅಷ್ಟೇ. ತಪ್ಪಿಸಿಕೊಳ್ಳಲು ಒಂದು ಬಾಗಿಲು ತಾನಾಗಿ ತೆರೆದಿತ್ತು, ಇವಳು ನುಸುಳಿಕೊಂಡಳು.

ಭಾವ ನಿಧಾನಕ್ಕೆ ಕೈ ಬಿಡಿಸಿಕೊಂಡರು. "ನೀನಾದ್ರೂ ನಿಜ ಹೇಳಿದೆಯಲ್ಲ," ಎಂದರು. "ಉಳಿದವರು ಮುಖ ನೋಡಿ ಮಾತಾಡ್ತಾರೆ."

ಮಧ್ಯಾಹ್ನಕ್ಕೆ ಮೊದಲೇ ಅವರು ಯಜಮಾನರಿಗೆ ಕಾಗದ ಬರೆದುಕೊಟ್ಟಿದ್ದರು: ನನ್ನ ಕೈತಪ್ಪಿನಿಂದ ಸಾರದ ಅಳತೆ ಕಡಿಮೆಯಾಯಿತು, ನಡುಗುವ ಕೈ ಹಿಟ್ಟಿನ ಹತ್ತಿರ ಇರಬಾರದು, ನನ್ನನ್ನು ಕೆಲಸದಿಂದ ಬಿಡಬೇಕು. ಯಜಮಾನರು ಬಾಯಿಮಾತಿಗೆ ಒಮ್ಮೆ ಬೇಡವೆಂದು, ಆಮೇಲೆ ಒಪ್ಪಿಕೊಂಡರು. ಪ್ಯಾಕಿಂಗಿನ ಹೆಂಗಸರು ಅತ್ತರು. ಪುಟ್ಟಿ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಳು.

ಮರುದಿನವೇ ಅವಳು ಇನ್ನೊಂದು ವರದಿ ಬರೆದಳು. ಇನ್ನು ಮೇಲೆ ಸಾರ ಕಾಲು ಪಾಲಲ್ಲ, ಅರ್ಧ ಪಾಲು. ಅಳೆಯುವವರ ಕೈ ಸ್ವಲ್ಪ ತಪ್ಪಿದರೂ ಬ್ರೆಡ್ಡು ಕೆಡಬಾರದು, ಅದಕ್ಕೆ. ಅರ್ಧ ಪಾಲಿನದನ್ನು ಒಂಟಿಯಾಗಿಯೇ ಇಟ್ಟು ನೋಡಿದಳು, ಒಂಬತ್ತು ದಿನ ತಡೆಯಿತು. ಬ್ರೆಡ್ಡು ಮತ್ತೆ ಅಂಗಡಿಗೆ ಹೋಯಿತು, ಈ ಸಲ ಯಾವುದೂ ವಾಪಸು ಬರಲಿಲ್ಲ. ತಕ್ಕಡಿಯಂಥವರನ್ನೂ ವಯಸ್ಸು ಬಿಡಲಿಲ್ಲವಲ್ಲ ಎಂದು ಜನ ಮರುಗಿದರು. ಅವಳ ಬುದ್ಧಿವಂತಿಕೆಯನ್ನು ಹೊಗಳಿದವರೂ ಇದ್ದರು. ಹೊಗಳಿಕೆ ಕೇಳಿದಾಗೆಲ್ಲ ಅವಳು ಏನೋ ಕೆಲಸ ನೆನಪಾದವಳಂತೆ ಅಲ್ಲಿಂದ ಎದ್ದು ಹೋಗುತ್ತಿದ್ದಳು. ದಿನವೂ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ತಡವಾದಷ್ಟೂ ತಪ್ಪಿನ ಜೊತೆ ತಡವನ್ನೂ ಒಪ್ಪಿಕೊಳ್ಳಬೇಕಾಗಿ ಬಂದು, ಬಾಯಿ ಇನ್ನಷ್ಟು ಬಿಗಿಯುತ್ತಿತ್ತು. ಅಕ್ಕನ ಮನೆಯ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟು ಸುತ್ತು ದಾರಿಯಲ್ಲಿ ಬರತೊಡಗಿದಳು.

ಹೀಗೆ ಎರಡು ವಾರ ಕಳೆದು, ಕೊನೆಗೆ ಶುಕ್ರವಾರ ಅಕ್ಕನೇ ಫೋನು ಮಾಡಿದಳು.

"ನಿಮ್ಮ ಭಾವನ್ನ ನೋಡೋಕೆ ಆಗ್ತಿಲ್ಲ ಕಣೇ. ಚಹಾ ಲೋಟನ ಎರಡು ಕೈಯಲ್ಲಿ ಹಿಡ್ಕೋತಾರೆ. ಅತ್ತೆಗೆ ಕಣ್ಣಿನ ಔಷಧಿ ದಿನಾ ಅವರೇ ಹಾಕ್ತಿದ್ರು, ಈಗ ನೀನೇ ಹಾಕು, ನನ್ನ ಕೈ ನಂಬಬೇಡ ಅಂತಾರೆ. ಪೇಟೆ ಆ ಕಡೆ ಹೊಸ ಬೇಕರಿ ಆಗಿದೆಯಲ್ಲ, ಅದರ ಯಜಮಾನಿ ಮನೆಗೇ ಬಂದು ಹಿಟ್ಟಿನ ಕೆಲಸಕ್ಕೆ ಕರೆದ್ರು. ಸೋಮವಾರದೊಳಗೆ ಹೇಳಬೇಕಂತೆ. ಇವರು ಆಗಲ್ಲ ಅಂತ ಕೂತಿದ್ದಾರೆ. ನಿನ್ನ ಮಾತಾದ್ರೆ ಕೇಳ್ತಾರೆ, ಭಾನುವಾರ ಊಟಕ್ಕೆ ಬಂದು ಒಂದು ಮಾತು ಹೇಳೇ."

ಶನಿವಾರ ಪುಟ್ಟಿ ಮೊದಲು ಯಜಮಾನರ ಕೋಣೆಗೆ ಹೋದಳು. ಎರಡು ಡಬ್ಬಿ, ಒಂದು ಬೀರು, ತನ್ನ ವರದಿ, ಎಲ್ಲವನ್ನೂ ನಿಂತುಕೊಂಡೇ ಹೇಳಿ ಮುಗಿಸಿದಳು. ಯಜಮಾನರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಈಗ ಬ್ರೆಡ್ಡು ಸರಿಯಾಗಿದೆ ತಾನೆ?"

"ಸರಿಯಾಗಿದೆ. ಆದ್ರೆ ಅವರ ಕೆಲಸ..."

"ಅವರೇ ಕೈಯಾರೆ ಬರೆದುಕೊಟ್ಟಿದ್ದಾರೆ ಮೇಡಂ. ಅವರ ಜಾಗಕ್ಕೆ ಬೇರೆಯವರು ಬಂದಾಯ್ತು. ಈಗ ಕೆದಕಿದ್ರೆ ನಿಮಗೂ ಒಳ್ಳೇದಲ್ಲ, ನನಗೂ ಅಲ್ಲ. ಮನೇಲಿ ಹೇಳ್ಕೋತೀರೋ ಬಿಡ್ತೀರೋ, ನಿಮ್ಮಿಷ್ಟ."

ಯಾವತ್ತು ಗೊತ್ತಾಯಿತು ಎಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹುದ್ದೆ ಉಳಿದಿತ್ತು, ಫಲಕ ಉಳಿದಿತ್ತು. ಹೊರಗೆ ಬಂದಾಗ ಹಗುರವಾಗುತ್ತದೆ ಎಂದುಕೊಂಡಿದ್ದಳು. ಆದರೆ ಆ ಫಲಕದ ಕೆಳಗೆ ಹಾದು ಒಳಗೆ ಹೋಗುವಾಗ ಅದನ್ನು ತಲೆ ಎತ್ತಿ ನೋಡಲಾಗಲಿಲ್ಲ.

ಭಾನುವಾರ ಅಕ್ಕ ಅಡುಗೆಮನೆಯ ಮೇಜಿನ ಮೇಲೆ ಮೂರು ತಟ್ಟೆ ಹಾಕಿದಳು. ಅಕ್ಕನ ಅತ್ತೆ ಒಳಗೆ ಮಲಗಿದ್ದರು. ಅಕ್ಕ ಬಡಿಸಲು ಶುರು ಮಾಡುವ ಮೊದಲೇ ಪುಟ್ಟಿ ಬಾಯಿಬಿಟ್ಟಳು. ಕುಳಿತು ತಿಂದ ಮೇಲೆ ಹೇಳುವ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು.

"ಭಾವ, ನೀವು ಸಾರ ಅಳೆದಿದ್ದು ಸರಿಯಾಗೇ ಇತ್ತು. ತಪ್ಪಿದ್ದು ನನ್ನ ಪರೀಕ್ಷೆ."

ಭಾವ ಮೊದಲು ನಂಬಲಿಲ್ಲ. ತಮ್ಮನ್ನು ಸಮಾಧಾನ ಮಾಡಲು ಹೇಳುತ್ತಿದ್ದಾಳೆ ಎಂಬಂತೆ ನೋಡಿದರು. ಅವಳು ಬೀರುವಿನ ಕತೆ ಹೇಳತೊಡಗಿದಂತೆ ಅವರೊಳಗಿನ ಕೆಲಸಗಾರ ಎದ್ದು ಕೂತ.

"ಕಾಲು ಪಾಲಿಂದು ಯಾವ ಅರೆಯಲ್ಲಿತ್ತು?"

"ಮೇಲಿನದ್ರಲ್ಲಿ."

"ಪೂರ್ತಿ ಪಾಲು?"

"ಕೆಳಗೆ. ನೀರಿನ ತಟ್ಟೆ ಪಕ್ಕ."

"ಬೆಚ್ಚಗಿನ ನೀರು!" ಎಂದರು ಭಾವ. ಅವರ ಮುಖ ಅರಳುತ್ತ ಹೋಯಿತು. "ಘಾಟೆಲ್ಲ ಮೇಲಕ್ಕೆದ್ದು ಅದಕ್ಕೇ ಬಡಿದಿದೆ. ಇನ್ನೆಲ್ಲಿಂದ ಬರಬೇಕು ಬೂಷ್ಟು!" ಮೇಜು ತಟ್ಟಿ ಜೋರಾಗಿ ನಕ್ಕರು. ಅಷ್ಟು ದಿನದಲ್ಲಿ ಆ ಮನೆಯಲ್ಲಿ ಅದೇ ಮೊದಲ ನಗು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನೂ ನಿಮ್ಮನ್ನ ನಂಬಲಿಲ್ಲವಲ್ಲ, ನನ್ನ ಬಾಯಿಗೆ ಮಣ್ಣು ಹಾಕ," ಎಂದಳು.

"ಯಾವತ್ತು ಗೊತ್ತಾಯ್ತು ಪುಟ್ಟಿ ನಿಂಗೆ?" ಎಂದು ಕೇಳಿದರು ಭಾವ.

"ನಿನ್ನೆ," ಎಂದಳು ಪುಟ್ಟಿ.

ಅದು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಭಯವಾಯಿತು.

"ನೋಡಿದೆಯಾ ನಿನ್ನ ತಂಗೀನ?" ಭಾವ ಅಕ್ಕನತ್ತ ತಿರುಗಿದರು. "ನಿನ್ನೆ ಗೊತ್ತಾಗಿದ್ದನ್ನ ಇವತ್ತು ಬಂದು ಮುಖದ ಮುಂದೆ ಹೇಳ್ತಿದ್ದಾಳೆ. ಬೇರೆಯವರಾಗಿದ್ರೆ ಮುಚ್ಚಿಹಾಕ್ತಿದ್ರು."

ಅಕ್ಕ ಪುಟ್ಟಿಯ ತಲೆ ಸವರಿದಳು. ಪುಟ್ಟಿ ತಲೆ ತಗ್ಗಿಸಿ ಕೂತಳು. ಇಲ್ಲಿಗೆ ಮುಗಿಯಲಿ ಎಂದು ಆಸೆಯಾಯಿತು ಅವಳಿಗೆ. ಭಾವನ ಮೇಲಿದ್ದ ಕಳಂಕ ಹೋಯಿತು, ಹದಿನೆಂಟು ದಿನದ ಲೆಕ್ಕ ಯಾರಿಗೆ ಬೇಕು?

"ಹಾಗಾದ್ರೆ ಆ ಬೇಕರಿಯವರಿಗೆ ಈಗಲೇ ಬರ್ತೀನಿ ಅಂದ್ಬಿಡಿ," ಎಂದಳು ಅಕ್ಕ.

ಭಾವನ ನಗು ನಿಧಾನಕ್ಕೆ ಆರಿತು. "ಅದು ಬೇರೆ ಮಾತು," ಎಂದರು. "ಅವತ್ತು ಅಳತೆ ತಪ್ಪಲಿಲ್ಲ, ಸಂತೋಷ. ಆದ್ರೆ ಕೈ ನಡುಗೋದಂತೂ ನಿಜ ತಾನೆ? ಪುಟ್ಟಿನೇ ಹಿಡಿದು ನೋಡಿ ಹೇಳಿದ್ದಾಳೆ. ಹೊಸ ಜಾಗಕ್ಕೆ ಹೋಗಿ ಹೆಸರು ಕೆಡಿಸ್ಕೊಳ್ಳೋದು ಬೇಡ. ಇಷ್ಟು ವರ್ಷ ಮಾಡಿದ್ದೇ ಸಾಕು."

ಅಕ್ಕ ತಂಗಿಯ ಮುಖ ನೋಡಿದಳು, ನೀನೇ ಒಂದು ಮಾತು ಹೇಳು ಎಂಬಂತೆ. ಈಗ ವಯಸ್ಸಿನ ಮಾತೋ ವಿಶ್ರಾಂತಿಯ ಮಾತೋ ಆಡಿ ಸುಮ್ಮನಿದ್ದರೆ ಯಾರೂ ಅವಳನ್ನು ಹಿಡಿಯುವವರಿರಲಿಲ್ಲ. ಅಕ್ಕ ಸವರಿದ ತಲೆ ಇನ್ನೂ ಬೆಚ್ಚಗಿತ್ತು.

"ನಡುಗ್ತಿರಲಿಲ್ಲ ಭಾವ."

"ಏನು?"

"ನಿಮ್ಮ ಕೈ. ಅವತ್ತು ನಡುಗ್ತಿರಲಿಲ್ಲ. ನಾನು ಸುಳ್ಳು ಹೇಳಿದೆ."

"ಸುಳ್ಳು ಯಾಕೆ ಹೇಳ್ತೀಯ? ಅವತ್ತು ನಿಂಗಿನ್ನೂ ಗೊತ್ತೇ ಇರಲಿಲ್ಲವಲ್ಲ."

"ಗೊತ್ತಿತ್ತು. ಹಿಂದಿನ ದಿನ ಸಂಜೆನೇ ಗೊತ್ತಾಗಿತ್ತು. ನಿನ್ನೆ ಅಂದಿದ್ದೂ ಸುಳ್ಳು." ಅವಳು ತಲೆ ಎತ್ತಿ ಭಾವನನ್ನೇ ನೋಡಿದಳು. "ನೀವು ಬಂದು ಕೈ ಚಾಚಿದಾಗ ಹೇಳಬೇಕು ಅಂತಲೇ ಇದ್ದೆ. ಹೆದರಿಕೆ ಆಯ್ತು ಭಾವ. ನನ್ನದು ಹೋಗುತ್ತೆ ಅಂತ ನಿಮ್ಮದನ್ನ ಕಳೆದೆ."

ಭಾವ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ನೋಡಿಕೊಂಡರು. ಆಮೇಲೆ ಎದ್ದು ಗೋಡೆಯ ಹತ್ತಿರ ಹೋಗಿ, ಬೇಕರಿಯ ಯಜಮಾನಿ ಬರೆದುಕೊಟ್ಟಿದ್ದ ನಂಬರು ನೋಡಿಕೊಂಡು ಫೋನು ಮಾಡಿದರು. "ಬರ್ತೀನಮ್ಮ, ನಾಳೆ ಬೆಳಗ್ಗೇನೇ," ಎಂದರು. ಆ ಕಡೆಯಿಂದ ಏನೋ ಕೇಳಿರಬೇಕು. "ಇಲ್ಲ ಇಲ್ಲ, ಕೈ ಚೆನ್ನಾಗಿದೆ. ನಡುಗುತ್ತೆ ಅಂತ ಯಾರೋ ಹೇಳಿದ್ರು, ನಾನು ನಂಬಿದ್ದೆ."

ಯಾರೋ ಎಂದರು. ಇಪ್ಪತ್ತಾರು ವರ್ಷದಲ್ಲಿ ಅವಳು ಅವರ ಬಾಯಲ್ಲಿ ಮೊದಲ ಸಲ ಯಾರೋ ಆಗಿದ್ದಳು.

ಭಾವ ಬಂದು ತಮ್ಮ ಜಾಗದಲ್ಲಿ ಕೂತರು. ಬೈಯಲಿ, ಎದ್ದು ಹೋಗೆನ್ನಲಿ, ಒಂದು ಏಟಾದರೂ ಹೊಡೆಯಲಿ ಎಂದು ಪುಟ್ಟಿ ಕಾದಳು. ಅಕ್ಕ ಪಾತ್ರೆಯ ಮುಚ್ಚಳ ತೆಗೆದು ಗಂಡನ ತಟ್ಟೆಗೆ ಬಡಿಸಿದಳು, ತನ್ನ ತಟ್ಟೆಗೆ ಬಡಿಸಿಕೊಂಡಳು, ಮೂರನೇ ತಟ್ಟೆಯತ್ತ ನೋಡದೆ ಸೌಟನ್ನು ಪಾತ್ರೆಯೊಳಗೇ ಬಿಟ್ಟು ಮುಚ್ಚಳ ಮುಚ್ಚಿದಳು.